ಖಡಕ್ ನೇವಿ ರಮ್ ಸವಿಯುವ ಕ್ರಮ: ಲೇಬಲ್ ಓದುವುದರಿಂದ ಬಾಟಲಿ ಎತ್ತಿಡುವವರೆಗೆ

ಗಲ್ಫ್‌ನಿಂದ ರಜೆಗೆ ಬಂದ ಭಾವ ಒಂದು ಬಾಟಲಿ ನೇವಿ ರಮ್ ತರುತ್ತಾರೆ. ಶನಿವಾರ ರಾತ್ರಿ ಅದನ್ನು ತೆರೆಯುತ್ತಾರೆ. ಎಂದಿನ ಹಾಗೆ 60 ಎಂಎಲ್, ಮೇಲೆ ಮುಷ್ಟಿ ಐಸು, ಅದರ ಮೇಲೆ ಕೋಲಾ. ಮೊದಲ ಗುಟುಕಿಗೇ "ಎಂತ ಮಾರಾಯ್ರೆ ಇದು, ಬರೀ ಬೆಂಕಿ!" ಅನ್ನುವ ಮಾತು ಬರುತ್ತದೆ. ಬಾಟಲಿ ಕಪಾಟಿನ ಮೂಲೆ ಸೇರುತ್ತದೆ. ಮಂಗಳೂರು, ಉಡುಪಿಯ ಎಷ್ಟೋ ಮನೆಗಳಲ್ಲಿ ನಡೆಯುವುದು ಇದೇ. ಇಂಥ ರಮ್ ಕುಡಿದು ಬೇಜಾರಾದವರನ್ನು ಕೇಳಿ ನೋಡಿ, ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಕತೆ.

ಇಲ್ಲಿ ಕೆಡುವುದು ಕ್ರಮ. ನಮ್ಮ ವೈನ್ ಶಾಪಿನ ರಮ್‌ಗೆ ಕಂಪನಿಯವರೇ ನೀರು ಬೆರೆಸಿ ಹದಕ್ಕೆ ತಂದಿರುತ್ತಾರೆ. ನೇವಿ ಸ್ಟ್ರೆಂಗ್ತ್, ಅಂದರೆ ಸುಮಾರು 57 ಪರ್ಸೆಂಟ್ ಆಲ್ಕೋಹಾಲ್ ಇರುವ ರಮ್‌ನಲ್ಲಿ ಆ ಕೆಲಸ ಅರ್ಧಕ್ಕೇ ನಿಂತಿರುತ್ತದೆ. ಉಳಿದರ್ಧ ನೀವು ಮಾಡಬೇಕು, ಅದೂ ಚಮಚದ ಲೆಕ್ಕದಲ್ಲಿ, ಮೂಸಿ ನೋಡಿದ ಮೇಲೆ. ಮೊದಲು ಮೂಗು, ಆಮೇಲೆ ಒಂದು ಹನಿ, ಆಮೇಲೆ ನೀರು, ಕೊನೆಗೆ ಜೊತೆಗೆ ತಿನ್ನುವ ತಿಂಡಿ. ಇದರಲ್ಲಿ ಒಂದನ್ನು ಹಿಂದುಮುಂದು ಮಾಡಿದರೂ ಮುಂದಿನದ್ದು ಕೈಗೆ ಸಿಗುವುದಿಲ್ಲ.

ಇದು 21 ವರ್ಷ ತುಂಬಿದವರಿಗೆ ಮಾತ್ರ. ಗರ್ಭಿಣಿಯರು, ಲಿವರ್ ತೊಂದರೆ ಇರುವವರು, ಸಕ್ಕರೆ ಕಾಯಿಲೆಗೋ ನಿದ್ದೆಗೋ ಮಾತ್ರೆ ತೆಗೆದುಕೊಳ್ಳುವವರು ಇದಕ್ಕೆ ಕೈ ಹಾಕುವುದು ಬೇಡ.

ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಗ್ಲಾಸ್: ಹೊಟ್ಟೆ ಅಗಲ, ಬಾಯಿ ಕಿರಿದು ಇರುವ ಸಣ್ಣ ಗ್ಲಾಸ್ ಬೇಕು. ಟುಲಿಪ್ ಗ್ಲಾಸ್ ಸಿಕ್ಕಿದರೆ ಒಳ್ಳೆಯದು, ಇಲ್ಲದಿದ್ದರೆ ಸಣ್ಣ ವೈನ್ ಗ್ಲಾಸ್ ಸಾಕು. ಅಗಲ ಬಾಯಿಯ ವಿಸ್ಕಿ ಗ್ಲಾಸ್‌ನಲ್ಲಿ ಪರಿಮಳ ನಿಲ್ಲುವುದಿಲ್ಲ. ದೊಡ್ಡ ಬುರುಡೆಯ ಬ್ರಾಂದಿ ಗ್ಲಾಸ್‌ನಲ್ಲಿ ಆಲ್ಕೋಹಾಲ್ ಆವಿ ಜಾಸ್ತಿ ತುಂಬಿಕೊಂಡು ಮೂಗಿಗೆ ಹೊಡೆಯುತ್ತದೆ. ಸ್ಟೀಲ್ ಲೋಟ ಬೇಡವೇ ಬೇಡ.

ಅಳತೆ: ಮೆಡಿಕಲ್ ಶಾಪಿನಿಂದ ಸೂಜಿ ಇಲ್ಲದ 5 ಎಂಎಲ್ ಸಿರಿಂಜ್ ತನ್ನಿ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ.

ನೀರು: ಈ ವಿಷಯ ಹೆಚ್ಚಿನವರು ಗಮನಿಸುವುದೇ ಇಲ್ಲ. ಮಂಗಳೂರಿಗೆ ತುಂಬೆಯಿಂದ, ಉಡುಪಿಗೆ ಬಜೆಯಿಂದ ಬರುವ ನಳ್ಳಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಒಂದು ಚಮಚ ಹಾಕಿದರೂ ರಮ್‌ಗೆ ಆಸ್ಪತ್ರೆಯ ವಾಸನೆ ಬರಬಹುದು. ಕುದಿಸಿ, ಮುಚ್ಚದೆ ಆರಿಸಿದ ನೀರು ಬಳಸಿ. ಬಾವಿ ನೀರಾದರೆ ಮೊದಲು ಬರೀ ನೀರನ್ನೇ ಕುಡಿದು ನೋಡಿ. ಕಬ್ಬಿಣದ ರುಚಿ ಇದ್ದರೆ ಅದು ಬೇಡ, ಒಂದು ಬಾಟಲಿ ಪ್ಯಾಕೇಜ್ಡ್ ನೀರು ತರಿಸಿ.

ಬಾಯಿ ತೊಳೆದುಕೊಳ್ಳಲು: ಚಟ್ನಿ ಇಲ್ಲದ ನೀರುದೋಸೆ. ಉಪ್ಪು ಕಡಿಮೆ, ಎಣ್ಣೆ ಕಡಿಮೆ, ಮೆತ್ತಗೆ. ಎರಡು ಗುಟುಕಿನ ನಡುವೆ ಒಂದು ತುಂಡು ತಿಂದರೆ ನಾಲಿಗೆ ಮತ್ತೆ ಹೊಸದಾಗುತ್ತದೆ. ಹೊರದೇಶದವರು ಹೇಳುವ ಸಪ್ಪೆ ಬಿಸ್ಕತ್ತಿಗಿಂತ ಇದು ನನಗೆ ಎಷ್ಟೋ ಪಾಲು ಮೇಲು.

ಹಂತ 1: ಲೇಬಲ್ ಸರಿಯಾಗಿ ಓದಿ

"ನೇವಿ" ಅಂತ ಬರೆದ ಮಾತ್ರಕ್ಕೆ ಅದು ಖಡಕ್ ರಮ್ ಆಗುವುದಿಲ್ಲ. ಲ್ಯಾಂಬ್ಸ್ ನೇವಿ ರಮ್ ಬರೀ 40 ಪರ್ಸೆಂಟ್. ಪಸರ್ಸ್ ಗನ್‌ಪೌಡರ್ ಪ್ರೂಫ್ 54.5. ವುಡ್ಸ್ ಓಲ್ಡ್ ನೇವಿ, ಸ್ಮಿತ್ ಅಂಡ್ ಕ್ರಾಸ್ ಎರಡೂ 57. ಹಾಗಾಗಿ ಹೆಸರನ್ನು ಬಿಟ್ಟು ಪರ್ಸೆಂಟ್ ನೋಡಿ.

ಪ್ರೂಫ್ ಅಂದರೆ ಆಲ್ಕೋಹಾಲಿನ ಬಲ ಹೇಳುವ ಹಳೇ ಅಳತೆ, ದೇಶಕ್ಕೊಂದು ಬಗೆ; ಆ ಲೆಕ್ಕ ನಂಬಿ ಕೂತರೆ ತಲೆ ಕೆಡುತ್ತದೆ. ನಮ್ಮಲ್ಲಿ 75 ಡಿಗ್ರಿ ಪ್ರೂಫ್ ಅಂದರೆ 42.8 ಪರ್ಸೆಂಟ್. ಬ್ರಿಟನ್ನಿನ ಹಳೇ ಲೆಕ್ಕದಲ್ಲಿ 100 ಪ್ರೂಫ್ ಅಂದರೆ ಸುಮಾರು 57. ಅಮೆರಿಕದ ಬಾಟಲಿಯಲ್ಲಿ ಅದೇ 57ನ್ನು 114 ಅಂತ ಬರೆಯುತ್ತಾರೆ.

ಈಗ ಒಂದು ಲೆಕ್ಕ ಮನಸ್ಸಿನಲ್ಲಿ ಇಟ್ಟುಕೊಳ್ಳಿ. 57 ಪರ್ಸೆಂಟಿನ 60 ಎಂಎಲ್ ಅಂದರೆ ಓಲ್ಡ್ ಮಾಂಕ್‌ನಂಥ 42.8 ರಮ್‌ನ 80 ಎಂಎಲ್‌ಗೆ ಸಮ. ನೈಂಟಿ ಹಾಕಿದರೆ ಅದು 120 ಆಯಿತು. "ನಾನು ಎರಡೇ ಪೆಗ್ ಕುಡಿದದ್ದು" ಅನ್ನುವವರು ತೂರಾಡುವುದು ಇದೇ ಕಾರಣಕ್ಕೆ.

ಯಾವ ಊರಿನ ರಮ್ ಅನ್ನುವುದನ್ನೂ ನೋಡಿಕೊಳ್ಳಿ, ಏನನ್ನು ಹುಡುಕಬೇಕು ಅಂತ ಮೂಗಿಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಗಯಾನಾದ ಡೆಮೆರಾರಾ ರಮ್ ಆದರೆ ಅತಿಮಧುರ, ಕರಿ ಬೆಲ್ಲ, ಹಳೇ ಮರ. ಅಲ್ಲಿ ಮರದಲ್ಲೇ ಮಾಡಿದ ಭಟ್ಟಿ ಪಾತ್ರೆಗಳು ಇವತ್ತಿಗೂ ಕೆಲಸ ಮಾಡುತ್ತಿವೆ. ಜಮೈಕಾದ್ದು ಆದರೆ ಕಪ್ಪಾದ ಬಾಳೆಹಣ್ಣು, ಅನಾನಸು, ಜೊತೆಗೆ ವಾರ್ನಿಶ್‌ನ ಘಾಟು. ನೇವಿ ಬಗೆಯ ರಮ್‌ಗಳಲ್ಲಿ ಹೆಚ್ಚಿನವು ಹೀಗೆ ಬೇರೆ ಬೇರೆ ಕಡೆಯ ರಮ್‌ಗಳನ್ನು ಬೆರೆಸಿ ಮಾಡಿದವು.

ಇಂಥ ಬಾಟಲಿ ಕೈಯಲ್ಲಿ ಇಲ್ಲವೇ? ಚಿಂತೆ ಇಲ್ಲ. ಓಲ್ಡ್ ಮಾಂಕ್‌ನಲ್ಲೋ, ನಮ್ಮದೇ ಬೆಂಗಳೂರಿನ ಅಮೃತ್ ಟೂ ಇಂಡೀಸ್‌ನಲ್ಲೋ ಇದೇ ಕ್ರಮ ಅಭ್ಯಾಸ ಮಾಡಿ. ಟೂ ಇಂಡೀಸ್‌ನಲ್ಲಿ ಬೆಲ್ಲದ ರಮ್ಮೂ ಕೆರಿಬಿಯನ್ ರಮ್ಮೂ ಒಟ್ಟಿಗೆ ಇರುವುದರಿಂದ ಮೂಗಿಗೆ ಒಳ್ಳೆಯ ಪಾಠ. ನೀರು ಮಾತ್ರ ಅರ್ಧ ಹಾಕಿದರೆ ಸಾಕು.

ಹಂತ 2: ಬಾಟಲಿ ಅಸಲಿಯೇ ಅಂತ ಖಚಿತ ಮಾಡಿಕೊಳ್ಳಿ

ವಿದೇಶದಿಂದ ಬರುವ ಒಬ್ಬರಿಗೆ 2 ಲೀಟರ್ ಮದ್ಯ ಸುಂಕ ಇಲ್ಲದೆ ತರಲು ಅವಕಾಶ ಇದೆ. ಅಂಥ ಬಾಟಲಿ ಸರಿ. ಅಂಗಡಿಯದ್ದಾದರೆ ಮುಚ್ಚಳದ ಮೇಲೆ ಅಬಕಾರಿ ಲೇಬಲ್ ಹರಿಯದೆ ಇರಬೇಕು. "ಮಿಲಿಟರಿ ಮಾಲು, ಕಡಿಮೆಗೆ ಕೊಡ್ತೇನೆ" ಅನ್ನುವವರ ಹತ್ತಿರ ತೆಗೆದುಕೊಳ್ಳಬೇಡಿ. ಕ್ಯಾಂಟೀನ್ ರಮ್ ಹೊರಗೆ ಮಾರುವುದು ಕಾನೂನಿಗೆ ವಿರುದ್ಧ, ಮೇಲಾಗಿ ಆ ಲೇಬಲ್ ಅಂಟಿಸಿದ ನಕಲಿಯೂ ಬರುತ್ತದೆ. ಗೋವಾದಿಂದ ಪರ್ಮಿಟ್ ಇಲ್ಲದೆ ತಂದದ್ದೂ ಬೇಡ.

ಅಪಾಯದ ಸೂಚನೆಗಳು: ಮುಚ್ಚಳ ತಿರುಗಿಸುವಾಗ ಉಂಗುರ ಮುರಿಯುವ ಸದ್ದು ಬರದಿರುವುದು, ಬಾಟಲಿಯಿಂದ ಬಾಟಲಿಗೆ ಮಟ್ಟದಲ್ಲಿ ಎದ್ದು ಕಾಣುವ ವ್ಯತ್ಯಾಸ, ಲೇಬಲ್‌ನಲ್ಲಿ ಅಕ್ಷರ ತಪ್ಪು, ತಳದಲ್ಲಿ ಕಸ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಮೆಥನಾಲ್ ಅನ್ನುವ ವಿಷದ ಆಲ್ಕೋಹಾಲ್ ಬೆರೆತಿದ್ದರೆ ಮೂಗಿಗೂ ಗೊತ್ತಾಗುವುದಿಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ. ಬೆಂಕಿ ಹಚ್ಚಿ ನೋಡುವ ಪರೀಕ್ಷೆಯನ್ನು ನಂಬಿ ಜೀವ ಕಳೆದುಕೊಳ್ಳಬೇಡಿ. ಕುಡಿದು ಅರ್ಧ ದಿನವೋ ಒಂದು ದಿನವೋ ಆದ ಮೇಲೆ ಕಣ್ಣು ಮಂಜಾಗುವುದು, ಹೊಟ್ಟೆನೋವು, ವಾಂತಿ, ಏದುಸಿರು ಬಂದರೆ ಹ್ಯಾಂಗೋವರ್ ಅಂತ ಮಲಗಬೇಡಿ. ಬಾಟಲಿ ಸಮೇತ ಕೂಡಲೇ ಆಸ್ಪತ್ರೆಗೆ ಹೋಗಿ.

ಹಂತ 3: ಜಾಗ ಮತ್ತು ಬಾಯಿ

ಊಟ ಆಗಿ ಒಂದೂವರೆ, ಎರಡು ಗಂಟೆ ಬಿಟ್ಟು ಕೂರಿ. ಖಾಲಿ ಹೊಟ್ಟೆ ಬೇಡ. ಸಂಜೆ ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ ಕುಡಿದಿದ್ದರೆ ಅದಕ್ಕಿಂತ ಒಳ್ಳೆಯ ಅಡಿಪಾಯ ಇಲ್ಲ. ಬಂಗುಡೆ ಪುಳಿಮುಂಚಿ ಉಂಡ ಬಾಯಿಗೆ ರಮ್‌ನ ಸೂಕ್ಷ್ಮ ಸಿಗುವುದಿಲ್ಲ. ವೀಳ್ಯದೆಲೆ, ಸಿಗರೇಟು, ಟೂತ್‌ಪೇಸ್ಟ್ ಮೂರೂ ಒಂದು ಗಂಟೆ ದೂರ ಇರಲಿ.

ಕೋಣೆಯಲ್ಲಿ ಊದುಬತ್ತಿ, ಸೊಳ್ಳೆ ಬತ್ತಿ, ಮೀನು ಹುರಿಯುವ ವಾಸನೆ ಇರಬಾರದು. ತಲೆ ಮೇಲಿನ ಫ್ಯಾನ್ ಮೂಸುವ ಹೊತ್ತಿಗೆ ಆಫ್ ಮಾಡಿ. ನಮ್ಮ ಸೆಕೆಯಲ್ಲಿ ಇದು ಕಷ್ಟವೇ, ಆದರೆ ಫ್ಯಾನ್ ಗಾಳಿ ಗ್ಲಾಸಿನ ಬಾಯಲ್ಲಿರುವ ಪರಿಮಳವನ್ನು ಹೊತ್ತುಕೊಂಡು ಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಇದಕ್ಕೆ ಆಗುವುದೇ ಇಲ್ಲ. ಬಿಸಿಗೆ ಆಲ್ಕೋಹಾಲ್ ಬೇಗ ಆವಿಯಾಗಿ ಘಾಟು ಇಮ್ಮಡಿಯಾಗುತ್ತದೆ. ರಾತ್ರಿ ಎಂಟರ ಮೇಲೆ, ಅಥವಾ ಮಳೆಗಾಲದ ಸಂಜೆ ಒಳ್ಳೆಯದು.

ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಗ್ಲಾಸಿಗೆ ಮುಗ್ಗಲು ವಾಸನೆ ಹಿಡಿದಿರುತ್ತದೆ. ಮೊದಲು ಖಾಲಿ ಗ್ಲಾಸನ್ನೇ ಮೂಸಿ. ಏನಾದರೂ ವಾಸನೆ ಬಂದರೆ ಬಿಸಿನೀರಲ್ಲಿ ತೊಳೆದು ಗಾಳಿಗೆ ಒಣಗಿಸಿ. ಬಟ್ಟೆಯಲ್ಲಿ ಒರೆಸಬೇಡಿ, ಬಟ್ಟೆಯ ಸೋಪಿನ ವಾಸನೆ ಅಂಟುತ್ತದೆ.

ಪಣಂಬೂರು, ಮಲ್ಪೆ ಬೀಚಿಗೆ ಬಾಟಲಿ ಒಯ್ಯುವ ಯೋಚನೆ ಬಿಡಿ. ಕಡಲ ಗಾಳಿಗೆ ಪರಿಮಳ ನಿಲ್ಲುವುದಿಲ್ಲ, ಸಾರ್ವಜನಿಕ ಜಾಗದಲ್ಲಿ ಕುಡಿಯುವುದು ತಪ್ಪು, ಕುಡಿದು ನೀರಿಗಿಳಿಯುವುದು ಪ್ರಾಣಕ್ಕೇ ಸಂಚಕಾರ.

ಹಂತ 4: ಸುರಿಯಿರಿ, ಕಾಯಿರಿ

20 ಎಂಎಲ್ ಮಾತ್ರ. ಸುರಿದು ಹತ್ತರಿಂದ ಹದಿನೈದು ನಿಮಿಷ ಸುಮ್ನೆ ಬಿಡಿ. ಮೇಲಕ್ಕೆ ಏಳುವ ಮೊದಲ ಘಾಟು ಹೋಗಲಿ. ಈ ಹೊತ್ತಿನಲ್ಲಿ ಬಣ್ಣ ನೋಡಬಹುದು, ಆದರೆ ಬಣ್ಣಕ್ಕೆ ಮರುಳಾಗಬೇಡಿ. ಕಪ್ಪಾದಷ್ಟೂ ಹಳೆಯದು ಅನ್ನುವುದು ಸುಳ್ಳು. ನೇವಿ ರಮ್‌ಗಳಲ್ಲಿ ಕಡು ಬಣ್ಣ ಬಹಳ ಸಲ ಸುಟ್ಟ ಸಕ್ಕರೆಯಿಂದ ಬಂದದ್ದು.

ಸಿಹಿ ಬೆರೆಸಿದ್ದಾರೆಯೇ ಅಂತ ನೋಡುವ ಉಪಾಯ ಒಂದಿದೆ. ಬಿಳಿ ತಟ್ಟೆಯಲ್ಲಿ ಒಂದು ಚಮಚ ರಮ್ ಹಾಕಿ ರಾತ್ರಿಯಿಡೀ ಬಿಡಿ, ಇರುವೆ ಬಾರದ ಜಾಗದಲ್ಲಿ. ಪೂರ್ತಿ ಒಣಗಿದ ಮೇಲೆ ಬೆರಳಿಗೆ ಪಾಕದ ಹಾಗೆ ಅಂಟಿದರೆ ಸಕ್ಕರೆ ಇದೆ ಅಂತ ಲೆಕ್ಕ. ತೆಳ್ಳಗೆ ಕಂದು ಕಲೆ ಮಾತ್ರ ಉಳಿದರೆ ಅದು ಬಣ್ಣ ಮತ್ತು ಮರದ ಸತ್ವ. ನಮ್ಮ ತೇವದ ಹವೆಯಲ್ಲಿ ಒಣಗಲು ಇನ್ನೊಂದು ದಿನ ಬೇಕಾಗಬಹುದು.

ಹಂತ 5: ಮೂಸುವುದು

ಅರ್ಧಕ್ಕಿಂತ ಜಾಸ್ತಿ ಜನ ಸೋಲುವುದು ಇಲ್ಲಿ. ಗ್ಲಾಸಿನೊಳಗೆ ಮೂಗು ತೂರಿಸಿ ದೀರ್ಘ ಉಸಿರು ಎಳೆಯುತ್ತಾರೆ. 57 ಪರ್ಸೆಂಟಿನ ಆವಿ ಒಂದೇ ಏಟಿಗೆ ಮೂಗನ್ನು ಮರಗಟ್ಟಿಸುತ್ತದೆ. ಆಮೇಲೆ ಐದು ನಿಮಿಷ ಏನೂ ಗೊತ್ತಾಗುವುದಿಲ್ಲ. ವೈನ್ ಗ್ಲಾಸಿನ ಹಾಗೆ ಗರಗರ ತಿರುಗಿಸುವುದೂ ತಪ್ಪು, ಆವಿ ಇನ್ನೂ ಜಾಸ್ತಿ ಏಳುತ್ತದೆ.

ಹೀಗೆ ಮಾಡಿ. ಗ್ಲಾಸನ್ನು ಗಲ್ಲದ ಹತ್ತಿರ ಹಿಡಿಯಿರಿ. ಬಾಯಿ ಸ್ವಲ್ಪ ತೆರೆದಿರಲಿ. ಮೂಗು, ಬಾಯಿ ಎರಡರಿಂದಲೂ ಮೆಲ್ಲಗೆ ಉಸಿರು ತೆಗೆದುಕೊಳ್ಳಿ. ಉರಿ ಇಲ್ಲದಿದ್ದರೆ ತುಟಿಯವರೆಗೆ ತನ್ನಿ. ಆಮೇಲೆ ಒಂದು ಹೊಳ್ಳೆಗೆ, ಆಮೇಲೆ ಇನ್ನೊಂದಕ್ಕೆ. ಎರಡೆರಡೇ ಸೆಕೆಂಡು. ಕಣ್ಣಲ್ಲಿ ನೀರು ಬಂತೋ, ಮೂಗಿನ ಮೇಲ್ಭಾಗ ಚುರುಗುಟ್ಟಿತೋ, ಗ್ಲಾಸ್ ದೂರ ಇಟ್ಟು ನಿಮ್ಮದೇ ಅಂಗಿಯ ತೋಳು ಮೂಸಿ. ಅದು ನಿಮ್ಮ ಮೂಗಿಗೆ ರೂಢಿಯಾದ ವಾಸನೆ, ಮೂಗು ಬೇಗ ಸಮಸ್ಥಿತಿಗೆ ಬರುತ್ತದೆ.

"ಪರಿಮಳ ಇದೆ, ಏನು ಅಂತ ಹೇಳಲಿಕ್ಕೆ ಆಗ್ತಿಲ್ಲ" ಅನ್ನುವವರಿಗೆ ಅಡುಗೆಮನೆಯೇ ಶಾಲೆ. ಸಣ್ಣ ಬಟ್ಟಲುಗಳಲ್ಲಿ ಇವನ್ನು ಇಟ್ಟುಕೊಳ್ಳಿ: ಒಂದು ತುಂಡು ಓಲೆಬೆಲ್ಲ, ಸಿಪ್ಪೆ ಕಪ್ಪಾದ ಬಾಳೆಹಣ್ಣು, ಕಪ್ಪು ಒಣದ್ರಾಕ್ಷಿ, ಎರಡು ಲವಂಗ, ಗಂಧಿಗೆ ಅಂಗಡಿಯ ಅತಿಮಧುರದ ಕಡ್ಡಿ, ಗಟ್ಟಿ ಕಾಫಿ ಡಿಕಾಕ್ಷನ್. ರಮ್ ಮೂಸಿ, ಒಂದು ಬಟ್ಟಲು ಮೂಸಿ, ಮತ್ತೆ ರಮ್. ಎರಡನೇ ಸುತ್ತಿಗೇ "ಓ, ಇದು ಇತ್ತಲ್ಲ" ಅನ್ನಿಸುತ್ತದೆ. ಡಿಸೆಂಬರಿನಲ್ಲಿ ಕೇಕಿಗೆ ಹಣ್ಣು ನೆನೆಹಾಕುವ ಮನೆ ನಿಮ್ಮದಾದರೆ ಆ ಭರಣಿಯ ಮುಚ್ಚಳ ತೆಗೆದ ಕ್ಷಣದ ಪರಿಮಳ ನಿಮಗೆ ಗೊತ್ತೇ ಇದೆ. ಗಯಾನಾದ ರಮ್‌ನಲ್ಲಿ ಮೊದಲು ಹುಡುಕಬೇಕಾದದ್ದು ಅದನ್ನೇ.

ಪರಿಮಳ ಒಂದೊಂದಾಗಿ ಬರುತ್ತದೆ. ಹಗುರವಾದವು ಮೊದಲು: ಬಾಳೆ, ಅನಾನಸು, ಹಣ್ಣಾದ ಹಲಸು, ನೇಲ್ ಪಾಲಿಶ್. ಆಮೇಲೆ ಬೆಲ್ಲ, ಖರ್ಜೂರ, ಮಸಾಲೆ. ಕೊನೆಗೆ ಡಾಂಬರು, ಚರ್ಮ, ದಕ್ಕೆಯಲ್ಲಿ ಕಟ್ಟಿಹಾಕಿದ ಹಳೇ ಮರದ ದೋಣಿ. ನೇಲ್ ಪಾಲಿಶ್ ವಾಸನೆ ಬಂದರೆ ಹೆದರಬೇಡಿ. ಪಾಟ್ ಸ್ಟಿಲ್, ಅಂದರೆ ಹಂಡೆಯಂಥ ಭಟ್ಟಿಯಲ್ಲಿ ಇಳಿಸಿದ ರಮ್‌ನಲ್ಲಿ ಎಸ್ಟರ್ ಅನ್ನುವ ಪರಿಮಳದ ರಾಸಾಯನಿಕಗಳಿಂದ ಅದು ಸಾಮಾನ್ಯವಾಗಿ ಬರುತ್ತದೆ, ಹಣ್ಣಿನ ಪರಿಮಳವೂ ಅದೇ ಗುಂಪಿನದ್ದು. ಒದ್ದೆ ರಟ್ಟಿನ ಡಬ್ಬಿಯ ವಾಸನೆ ಬಂದರೆ ಮಾತ್ರ ಕಾರ್ಕ್ ಕೆಟ್ಟಿರಬಹುದು.

ಹಂತ 6: ನೀರಿಲ್ಲದ ಒಂದು ಹನಿ

ಒಂದು ಗುಟುಕು ನೀರು ಕುಡಿದು ಬಾಯಿ ಒದ್ದೆ ಮಾಡಿಕೊಳ್ಳಿ. ಈಗ ಅರ್ಧ ಎಂಎಲ್‌ನಷ್ಟು, ಅಂದರೆ ತುಟಿಗೆ ತಾಗಿ ನಾಲಿಗೆಯ ತುದಿ ನೆನೆಯುವಷ್ಟು ಮಾತ್ರ. ಹತ್ತು ಸೆಕೆಂಡು ಬಾಯಲ್ಲೇ ಇಟ್ಟು ಎಂಜಲಿನೊಂದಿಗೆ ಬೆರೆಸಿ ನುಂಗಿ. ಈ ಹನಿಯಲ್ಲಿ ರುಚಿ ಹುಡುಕಬೇಡಿ, ಉರಿ ಬಿಟ್ಟು ಬೇರೇನೂ ಸಿಗದೆ ಇರಬಹುದು. ಇದು ನಾಲಿಗೆಯನ್ನು ಒಗ್ಗಿಸುವುದಕ್ಕೆ.

ಒಂದು ನಿಮಿಷ ಬಿಟ್ಟು ಇನ್ನೊಂದು ಹನಿ. ಈ ಸಲ ಬೆಲ್ಲದ ಅಂಚು, ಮೆಣಸುಕಾಳಿನ ಚುರುಕು ಗೊತ್ತಾಗುತ್ತದೆ. ಗಂಟಲಲ್ಲಿ ಉರಿ ನಿಂತೇ ಇದ್ದರೆ, ಕೆಮ್ಮು ಬಂದರೆ ಮೂರನೆಯದ್ದಕ್ಕೆ ಹೋಗದೆ ನೇರ ನೀರಿನ ಹಂತಕ್ಕೆ ಬನ್ನಿ. ಗಂಡಸ್ತನ ತೋರಿಸುವ ಜಾಗ ಇದಲ್ಲ.

ಹಂತ 7: ನೀರು, ಮೂರು ಸಲ

ಇಡೀ ಕೆಲಸದ ಹೃದಯ ಇದು. ನೀರು ಹಾಕುವುದು ಅಂದರೆ ರಮ್ ಕೆಡಿಸುವುದು ಅಂತ ನಮ್ಮಲ್ಲಿ ಎಷ್ಟೋ ಜನ ನಂಬಿದ್ದಾರೆ. ಪರಿಮಳದ ಅಂಶಗಳನ್ನು ಗಟ್ಟಿ ಆಲ್ಕೋಹಾಲ್ ತನ್ನೊಳಗೇ ಹಿಡಿದಿಟ್ಟುಕೊಂಡಿರುತ್ತದೆ. ನೀರು ಬಿದ್ದಂತೆ ಅವು ಮೇಲೆ ಬರುತ್ತವೆ, ಮೂಗಿಗೆ ಹೊಡೆಯುವ ಘಾಟೂ ತಗ್ಗುತ್ತದೆ.

57 ಪರ್ಸೆಂಟಿನ 20 ಎಂಎಲ್‌ಗೆ ಲೆಕ್ಕ ಹೀಗೆ:

ಮೊದಲ ಸಲ 3 ಎಂಎಲ್ ನೀರು. ರಮ್ ಸುಮಾರು 50 ಪರ್ಸೆಂಟಿಗೆ ಇಳಿಯುತ್ತದೆ.
ಎರಡನೇ ಸಲ ಮತ್ತೆ 4 ಎಂಎಲ್. ಈಗ ಸುಮಾರು 42, ನಮಗೆ ರೂಢಿಯಾದ ಮಟ್ಟ.
ಮೂರನೇ ಸಲ ಮತ್ತೆ 5 ಎಂಎಲ್. ಈಗ ಸುಮಾರು 36.

54.5ರ ಬಾಟಲಿ ಆದರೆ ಪ್ರತಿ ಸಲ 1 ಎಂಎಲ್ ಕಡಿಮೆ ಹಾಕಿ. ನಡುವೆ ಕುಡಿದ ಹನಿಗಳಿಂದ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಸಿರಿಂಜ್‌ನಿಂದ ಹನಿಹನಿಯಾಗಿ ಬಿಡಿ, ಗ್ಲಾಸನ್ನು ದೀಪದ ಎದುರು ಹಿಡಿದು ನೋಡಿ. ನೀರು ಇಳಿಯುವ ಜಾಗದಲ್ಲಿ ಎಣ್ಣೆಯ ಎಳೆಗಳಂಥ ಗೆರೆಗಳು ಸುರುಳಿಯಾಗಿ ಓಡುತ್ತವೆ. ಅವು ಮಾಯವಾಗುವವರೆಗೆ ಕಾಯಿರಿ, ಅಲ್ಲಿಯವರೆಗೆ ನೀರು ಪೂರ್ತಿ ಬೆರೆತಿಲ್ಲ. ಕೆಲವು ರಮ್ ಸ್ವಲ್ಪ ಮಂಜಾಗಬಹುದು, ಅದು ದೋಷ ಅಲ್ಲ.

ಪ್ರತಿ ಸಲ ನೀರು ಹಾಕಿದ ಮೇಲೆ ಎರಡು ನಿಮಿಷ ಬಿಟ್ಟು, ಮೊದಲು ಮೂಸಿ, ಆಮೇಲೆ ಸಣ್ಣ ಗುಟುಕು. ನಾಲಿಗೆಯ ಮೇಲೆಲ್ಲ ಹರಡಿ, ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಹೆಚ್ಚಿನ ರುಚಿ ಸಿಗುವುದು ಆ ಹೊರ ಉಸಿರಿನಲ್ಲಿ. ಸಿಕ್ಕಿದ್ದನ್ನು ಒಂದೆರಡು ಪದದಲ್ಲಿ ಬರೆದಿಡಿ, ನಾಳೆಗೆ ನೆನಪಿರುವುದಿಲ್ಲ.

ಯಾವ ಹಂತ ಸರಿ ಅಂತ ಬಾಟಲಿಯೇ ಹೇಳುತ್ತದೆ. ಜಮೈಕಾದ ರಮ್ 50ರಲ್ಲಿ ಹಣ್ಣಾಗಿ ನಿಲ್ಲುತ್ತದೆ, ಗಯಾನಾದ್ದು ನನ್ನ ನಾಲಿಗೆಗೆ 42ರ ಆಸುಪಾಸಿನಲ್ಲಿ ಚೆನ್ನ. ಪರಿಮಳ ತಟ್ಟನೆ ಸಪ್ಪೆಯಾಗಿ ಒದ್ದೆ ಮರ, ಒಗರು ಮಾತ್ರ ಉಳಿಯಿತೋ, ನೀರು ಜಾಸ್ತಿಯಾಯಿತು ಅಂತ ಅರ್ಥ. ಸ್ವಲ್ಪ ರಮ್ ಮತ್ತೆ ಸೇರಿಸಿದರೆ ಸರಿಹೋಗುತ್ತದೆ.

ಹಂತ 8: ನುಂಗಿದ ಮೇಲೆ

ಗಡಿಯಾರ ನೋಡಿ. ಉರಿ ಹೋದ ಮೇಲೂ ರುಚಿ ಎಷ್ಟು ಹೊತ್ತು ಇರುತ್ತದೆ? ಒಳ್ಳೆಯ ನೇವಿ ರಮ್‌ನಲ್ಲಿ ಒಂದು ನಿಮಿಷ ದಾಟಿಯೂ ಅತಿಮಧುರ, ಕಾಫಿ, ಸೀದ ಬೆಲ್ಲ ಉಳಿಯುತ್ತದೆ. ಬರೀ ಸಿಹಿ ಉಳಿದು ತುಟಿ ಅಂಟಿದರೆ ಅದು ಬೆರೆಸಿದ ಸಕ್ಕರೆ. ಖಾಲಿ ಗ್ಲಾಸನ್ನು ತೊಳೆಯದೆ ಇಟ್ಟು ಬೆಳಿಗ್ಗೆ ಮೂಸಿ. ಆಲ್ಕೋಹಾಲ್ ಪೂರ್ತಿ ಹೋಗಿ ಮರ, ಬೆಲ್ಲ ಮಾತ್ರ ಇರುತ್ತದೆ. ಹೊಸಬರಿಗೆ ಇದರಷ್ಟು ಸುಲಭದ ಪಾಠ ಇಲ್ಲ.

ಒಂದೇ ರಾತ್ರಿ ಎರಡಕ್ಕಿಂತ ಜಾಸ್ತಿ ಬಗೆ ಬೇಡ. ಹೋಲಿಸಲೇಬೇಕಾದರೆ ಉಗುಳುವುದಕ್ಕೆ ಒಂದು ಲೋಟ ಇಟ್ಟುಕೊಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಕಡಿಮೆ ಪರ್ಸೆಂಟಿನದ್ದು ಮೊದಲು.

ಹಂತ 9: ತಿನ್ನುವುದು, ಐಸು, ಬೊಂಡ (ಎಳನೀರು)

ಖಾರ ಈಗಲೂ ಬೇಡ. ಮೆಣಸಿನ ಖಾರವನ್ನೂ ಆಲ್ಕೋಹಾಲಿನ ಉರಿಯನ್ನೂ ಬಾಯಿ ಒಂದೇ ನರದ ದಾರಿಯಲ್ಲಿ ಗುರುತಿಸುತ್ತದೆ, ಒಂದು ಇನ್ನೊಂದನ್ನು ಏರಿಸುತ್ತದೆ. ಘೀ ರೋಸ್ಟ್ ಜೊತೆ ನೇವಿ ರಮ್ ಕುಡಿದು ಬಾಯಿ ಸುಟ್ಟುಕೊಳ್ಳುವುದು ಹೀಗೆ. ಹುರಿದ ಗೇರುಬೀಜಕ್ಕೆ ಚೂರು ಓಲೆಬೆಲ್ಲ, ಬಾಳೆಹಣ್ಣಿನ ಹಲ್ವ, ಕ್ರಿಸ್ಮಸ್ ಕೇಕ್ ಇವು ಸೇರುತ್ತವೆ. ಹಂದಿ ಬಫಾತ್ ಖಾರ ಕಡಿಮೆ ಮಾಡಿ ಮಾಡಿದ್ದರೆ ಅದರ ವಿನೆಗರ್ ಹುಳಿ, ಕೊಬ್ಬು ಎರಡೂ ಗಯಾನಾದ ರಮ್‌ಗೆ ಚೆನ್ನಾಗಿ ಹೊಂದುತ್ತವೆ.

ಐಸು ಹಾಕುವುದಾದರೆ ಮೂರನೇ ನೀರಿನ ನಂತರ, ಒಂದೇ ದೊಡ್ಡ ತುಂಡು. ತಂಪಿಗೆ ಪರಿಮಳ ಮುಚ್ಚಿಹೋಗುವುದರಿಂದ ಅದಕ್ಕೆ ಮೊದಲು ಬೇಡ. ಮಿಕ್ಸರ್ ಬೇಕೇ ಬೇಕು ಅನ್ನುವವರು 20 ಎಂಎಲ್‌ಗೆ 100 ಎಂಎಲ್ ಬೊಂಡದ ನೀರು, ಅರ್ಧ ಲಿಂಬೆ ಹಿಂಡಿ ನೋಡಿ. ಕೋಲಾಕ್ಕಿಂತ ರಮ್ ಎಷ್ಟೋ ಎದ್ದು ಕಾಣುತ್ತದೆ.

ಗಾಡಿ ಕೀ ಮಾತ್ರ ಮೊದಲೇ ಎತ್ತಿಡಿ. ರಕ್ತದ 100 ಎಂಎಲ್‌ನಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ಇಂಥ ರಮ್‌ನಲ್ಲಿ ಆ ಗೆರೆ ಬಹಳ ಹತ್ತಿರ.

ಹಂತ 10: ಬಾಟಲಿ ಎತ್ತಿಡುವುದು

ನೆಟ್ಟಗೆ ನಿಲ್ಲಿಸಿ ಇಡಿ. ಮಲಗಿಸಿದರೆ ಗಟ್ಟಿ ಆಲ್ಕೋಹಾಲ್ ಕಾರ್ಕನ್ನು ತಿಂದು ರಮ್‌ಗೆ ಕಹಿ ತರುತ್ತದೆ. ಬಿಸಿಲು ಬೀಳದ ಕಪಾಟು ಸಾಕು, ಫ್ರಿಜ್ ಬೇಡ. ಮಳೆಗಾಲದಲ್ಲಿ ಕಾರ್ಕ್ ಮೇಲೆ ಬೂಷ್ಟು ಬರುತ್ತದೆ, ತಿಂಗಳಿಗೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ. ದೇವರ ದೀಪ, ಗ್ಯಾಸ್ ಒಲೆ, ಮೇಣದ ಬತ್ತಿಯಿಂದ ದೂರ ಇರಲಿ, ನಮ್ಮ ಸೆಕೆಯಲ್ಲಿ 57 ಪರ್ಸೆಂಟಿನ ಆವಿಗೆ ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ. ಕೇಕಿಗೋ ಪುಡ್ಡಿಂಗಿಗೋ ಉರಿ ಹಚ್ಚುವಾಗ ಬಾಟಲಿಯಿಂದ ನೇರ ಸುರಿಯುವುದು ಎಂದೂ ಬೇಡ.

ಮೂರನೇ ಒಂದು ಭಾಗಕ್ಕೆ ಇಳಿದ ಬಾಟಲಿಯಲ್ಲಿ ಗಾಳಿ ಜಾಸ್ತಿ, ಕೆಲವು ತಿಂಗಳಲ್ಲೇ ಹಣ್ಣಿನ ಪರಿಮಳ ಕುಂದುತ್ತದೆ. ಉಳಿದದ್ದನ್ನು ಸಣ್ಣ ಗಾಜಿನ ಬಾಟಲಿಗೆ ಕುತ್ತಿಗೆವರೆಗೆ ತುಂಬಿಸಿ, ಹೆಸರು, ಪರ್ಸೆಂಟ್, ತಾರೀಕು ಬರೆದು ಅಂಟಿಸಿ, ಮಕ್ಕಳ ಕೈಗೆ ಸಿಗದ ಜಾಗದಲ್ಲಿಡಿ.